ಮಕ್ಕಳ ಕಣ್ಣಿನ ಪೊರೆ: ಬೆಳೆಯುವ ಕಣ್ಣಿನೊಳಗೆ ಏನೇನು ಬದಲಾಗುತ್ತದೆ?

“ಮೋತಿಬಿಂದು ವಯಸ್ಸಾದೋರಿಗೆ ಬರೂದಲ್ಲೇನ್ರಿ? ಈ ಕೂಸಿಗಿನ್ನೂ ಹಲ್ಲ ಬಂದಿಲ್ಲ!”

ಅಂಗನವಾಡಿಯ ತಪಾಸಣೆಯಲ್ಲಿ ಮಗುವಿನ ಚೀಟಿಯ ಮೇಲೆ ‘ಜನ್ಮಜಾತ ಕಣ್ಣಿನ ಪೊರೆ’ ಎಂದು ಬರೆದು ಕೊಟ್ಟಾಗ ವಿಜಯಪುರ, ಬಾಗಲಕೋಟೆ ಕಡೆಯ ಮನೆಯವರಿಗೆ ಮೊದಲು ಹೊಳೆಯುವ ಪ್ರಶ್ನೆ ಇಂಥದ್ದೇ. ಕೇಳುವುದರಲ್ಲಿ ತಪ್ಪಿಲ್ಲ. ಪೊರೆ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಶಿಬಿರದ ಬಸ್ಸಿನಲ್ಲಿ ಕೂತು ಹೋಗಿ, ಕಪ್ಪು ಕನ್ನಡಕ ಹಾಕಿಕೊಂಡು ಮರಳುವ ಅಜ್ಜ-ಅಜ್ಜಿಯರು. ಎರಡು ತಿಂಗಳ ಕೂಸು ಆ ಚಿತ್ರದಲ್ಲಿಲ್ಲ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಬಂದು 18 ವರ್ಷದೊಳಗಿನ ಮಕ್ಕಳನ್ನು ನೋಡಬೇಕು. ಅವರು ಹುಡುಕುವ ಹುಟ್ಟು ದೋಷಗಳ ಪಟ್ಟಿಯಲ್ಲಿ ಕಣ್ಣಿನ ಪೊರೆಯೂ ಇದೆ. ಹಾಗಾಗಿ ಈ ಮಾತು ಈಗ ಹಳ್ಳಿಯ ಮನೆಗಳನ್ನೂ ಮುಟ್ಟುತ್ತಿದೆ. ಆದರೆ ಚೀಟಿಯಲ್ಲಿ ಒಂದು ಸಾಲಷ್ಟೇ ಇರುತ್ತದೆ. ಮಗುವಿನ ಕಣ್ಣಿನೊಳಗೆ ಆಗುವುದು ಮುದುಕರ ಪೊರೆಯ ಸಣ್ಣ ಆವೃತ್ತಿಯಲ್ಲ. ಮುದುಕರಲ್ಲಿ ಬೆಳೆದು ಮುಗಿದ ಕಣ್ಣು ಹಳತಾಗುತ್ತದೆ. ಮಗುವಿನಲ್ಲಿ ಇನ್ನೂ ಕಟ್ಟುತ್ತಿರುವ ಕಣ್ಣಿನಲ್ಲೇ ತೊಡಕು ಸೇರಿಕೊಳ್ಳುತ್ತದೆ. ಮುಂದಿನ ಎಲ್ಲ ವ್ಯತ್ಯಾಸಗಳೂ ಇದರಿಂದಲೇ ಹುಟ್ಟುತ್ತವೆ.

ಮಸೂರ ತಿಳಿಯಾಗಿರುವುದು ಹೇಗೆ?

ಕಣ್ಣಿನ ಕಪ್ಪು ಭಾಗದ ನಡುವಿನ ಸಣ್ಣ ಕಿಂಡಿಯನ್ನು ಪಾಪೆ ಎನ್ನುತ್ತೇವೆ. ಅದರ ಹಿಂದೆಯೇ ಕೂತಿರುವ ಪಾರದರ್ಶಕ ಗುಂಡು ಮಸೂರ. ಆಸ್ಪತ್ರೆಯಲ್ಲಿ ಎಲ್ಲರೂ ಲೆನ್ಸ್ ಅನ್ನುತ್ತಾರೆ. ಹುಟ್ಟಿದಾಗ ಇದರ ಅಗಲ ಸುಮಾರು 6.5 ಮಿಲಿಮೀಟರ್, ದೊಡ್ಡವರಲ್ಲಿ 9ರಿಂದ 10. ಹೊರಗಿನ ಬೆಳಕನ್ನು ಕಣ್ಣಿನ ಹಿಂಗೋಡೆಯಲ್ಲಿರುವ ಅಕ್ಷಿಪಟಲದ ಮೇಲೆ ಸರಿಯಾಗಿ ಬೀಳಿಸುವುದರಲ್ಲಿ ಇದರ ಪಾಲು ದೊಡ್ಡದು. ಇದು ಮಸುಕಾದರೆ ಅದೇ ಪೊರೆ.

ಕಣ್ಣಿನ ಮೇಲೆ ಹೊರಗಿನಿಂದ ಯಾವುದೋ ತೆಳು ಚರ್ಮ ಬೆಳೆಯುತ್ತದೆ, ಅದನ್ನು ಕಿತ್ತು ತೆಗೆದರಾಯಿತು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹಾಗೇನೂ ಬೆಳೆಯುವುದಿಲ್ಲ. ಹುಟ್ಟಿನಿಂದ ಇರುವ ಮಸೂರವೇ ತನ್ನ ತಿಳಿತನ ಕಳೆದುಕೊಳ್ಳುತ್ತದೆ.

ಮಸೂರದ ರಚನೆ ತಿಳಿಯಲು ಒಂದು ಉಳ್ಳಾಗಡ್ಡಿ ಹೆಚ್ಚಿ ನೋಡಿದರೆ ಸಾಕು. ಒಂದರ ಮೇಲೊಂದು ಪದರ. ಒಂದೇ ವ್ಯತ್ಯಾಸವೆಂದರೆ, ಉಳ್ಳಾಗಡ್ಡಿಯಲ್ಲಿ ಹೊಸದು ನಡುವಿನಿಂದ ಹುಟ್ಟಿ ಹಳೆಯದು ಹೊರಗಿರುತ್ತದೆ. ಮಸೂರದಲ್ಲಿ ಇದು ತಿರುವುಮುರುವು. ತೀರಾ ನಡುವಿನ ತಿರುಳು ತಾಯಿಯ ಹೊಟ್ಟೆಯಲ್ಲಿ ಎರಡನೇ ತಿಂಗಳ ಹೊತ್ತಿಗೇ ಆದದ್ದು. ಆಮೇಲಿನ ಪದರಗಳು ಅದರ ಸುತ್ತ, ಹೊರಗಿನಿಂದ ಸೇರುತ್ತ ಹೋಗುತ್ತವೆ, ಜೀವಮಾನವಿಡೀ. ಹಳೆಯ ಯಾವ ಪದರವೂ ಉದುರಿ ಹೋಗುವುದಿಲ್ಲ. ಎಪ್ಪತ್ತು ವರ್ಷದ ಅಜ್ಜಿಯ ಮಸೂರದ ನಡುವೆ, ಆಕೆ ಹುಟ್ಟುವ ಮೊದಲು ತಯಾರಾದ ತಿರುಳು ಹಾಗೇ ಇರುತ್ತದೆ.

ಈ ಪದರಗಳನ್ನು ಹೊಸೆಯುವುದು ಮಸೂರದ ಮುಂಭಾಗದಲ್ಲಿ ಒಂದೇ ಸಾಲಿನಲ್ಲಿ ಹಾಸಿಕೊಂಡಿರುವ ಜೀವಕೋಶಗಳು. ಅಂಚಿನಲ್ಲಿರುವ ಕೋಶಗಳು ಒಡೆದು ಎರಡಾಗುತ್ತವೆ, ಉದ್ದಕ್ಕೆ ಚಾಚಿಕೊಂಡು ಎಳೆಗಳಾಗುತ್ತವೆ. ಎಳೆಯಾಗುವಾಗ ತನ್ನೊಳಗಿನ ಕೋಶಕೇಂದ್ರವನ್ನೂ ಉಳಿದ ಸಣ್ಣ ಅಂಗಗಳನ್ನೂ ತಾನೇ ಕರಗಿಸಿಕೊಳ್ಳುತ್ತದೆ, ಬೆಳಕಿಗೆ ಅಡ್ಡ ಬರುವುದೇನೂ ಉಳಿಯಬಾರದೆಂದು. ಕೊನೆಗೆ ಉಳಿಯುವುದು ಸರಿಸುಮಾರು ಮೂರನೇ ಎರಡು ಭಾಗ ನೀರು, ಮೂರನೇ ಒಂದು ಭಾಗ ಪ್ರೋಟೀನ್. ಇಷ್ಟು ದಟ್ಟವಾಗಿ ಪ್ರೋಟೀನ್ ತುಂಬಿರುವ ಭಾಗ ದೇಹದಲ್ಲಿ ಬೇರೆ ಸಿಗುವುದು ಕಷ್ಟ. ಕ್ರಿಸ್ಟಲಿನ್ ಎಂಬ ಈ ಪ್ರೋಟೀನುಗಳು ಒತ್ತೊತ್ತಾಗಿ, ಸಮನಾಗಿ ಹರಡಿಕೊಂಡಿರುವವರೆಗೆ ಬೆಳಕು ನೇರ ದಾಟುತ್ತದೆ. ಅವು ಗಂಟುಕಟ್ಟಿದರೆ, ಅಥವಾ ಎಳೆಗಳ ನಡುವೆ ನೀರು ನುಗ್ಗಿದರೆ, ಬೆಳಕು ಚದುರಿ ನಮಗೆ ಬಿಳುಪಾಗಿ ಕಾಣುತ್ತದೆ.

ಮಸೂರದಲ್ಲಿ ರಕ್ತನಾಳಗಳೂ ಇಲ್ಲ, ಇದ್ದರೆ ಅವೇ ನೆರಳು ಚೆಲ್ಲುತ್ತಿದ್ದವು. ಸುತ್ತಲಿನ ತಿಳಿನೀರಿನಿಂದ ಪೋಷಣೆ ಎಳೆದು, ಕೋಶದಿಂದ ಕೋಶಕ್ಕೆ ಸಣ್ಣ ಕಾಲುವೆಗಳ ಮೂಲಕ ದಾಟಿಸಿಕೊಳ್ಳುತ್ತದೆ. ಆ ಕಾಲುವೆಗಳನ್ನು ಕಟ್ಟುವ ಜೀನ್ ಕೆಟ್ಟರೂ ಪೊರೆಯೇ.

ಕೆಟ್ಟ ಪದರವೇ ಕಾಲ ಹೇಳುತ್ತದೆ

ಪದರಗಳು ಕಾಲಕ್ರಮದಲ್ಲಿ ಕೂತಿರುವುದರಿಂದ, ಯಾವ ಪದರ ಮಸುಕಾಗಿದೆ ಎಂದು ನೋಡಿದರೆ ಪೆಟ್ಟು ಯಾವಾಗ ಬಿತ್ತು ಎಂದು ಅಂದಾಜಿಸಬಹುದು. ಮಕ್ಕಳ ಪೊರೆಯಲ್ಲಿ ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಇದೇ.

ನಡುವಿನ ತಿರುಳೇ ಬಿಳಿಯಾಗಿದ್ದರೆ ತೊಂದರೆ ಗರ್ಭದ ಮೊದಲ ತಿಂಗಳುಗಳದ್ದು. ತಿರುಳು ತಿಳಿ, ಹೊರಪದರವೂ ತಿಳಿ, ನಡುವಿನ ಒಂದು ಪದರ ಮಾತ್ರ ಮಬ್ಬು ಎಂದಾದರೆ, ಆ ಪದರ ಕಟ್ಟುತ್ತಿದ್ದ ಹೊತ್ತಿನಲ್ಲಿ ಏನೋ ಏರುಪೇರಾಗಿ ಆಮೇಲೆ ಸರಿಹೋಗಿದೆ. ನವಜಾತ ಶಿಶುವಿನ ರಕ್ತದಲ್ಲಿ ಸಕ್ಕರೆಯೋ ಕ್ಯಾಲ್ಸಿಯಮ್ಮೋ ತೀರ ಇಳಿದಾಗ ಹೀಗಾಗುವುದುಂಟು; ವಂಶದಿಂದ ಬಂದ ಪೊರೆಯೂ ಬಹಳ ಸಲ ಈ ರೂಪದಲ್ಲೇ ಇರುತ್ತದೆ. ಇಂಥ ಮಕ್ಕಳಿಗೆ ಅಷ್ಟಿಷ್ಟು ಕಾಣುವುದರಿಂದ ಶಾಲೆಗೆ ಸೇರುವವರೆಗೂ ಮನೆಯವರ ಗಮನಕ್ಕೆ ಬಾರದೆ ಹೋಗಬಹುದು.

ಮಸೂರದ ಬೆನ್ನಿಗೆ ಅಂಟಿಕೊಂಡ ಮಚ್ಚೆಯ ಕಥೆ ಬೇರೆ. ಗರ್ಭದಲ್ಲಿ ಬೆಳೆಯುವ ಮಸೂರಕ್ಕೆ ರಕ್ತ ಬೇಕು. ಕಣ್ಣಿನ ಹಿಂಬದಿಯಿಂದ ಒಂದು ನಾಳ ಹೊರಟು, ಮಸೂರದ ಸುತ್ತ ಬಲೆ ಹಬ್ಬಿಸಿ ಪೋಷಿಸುತ್ತದೆ. ಹೆರಿಗೆಯ ಹೊತ್ತಿಗೆ ಕೆಲಸ ಮುಗಿಸಿ ಅದು ಮಾಯವಾಗಬೇಕು. ಕೆಲವರಲ್ಲಿ ಆಗುವುದಿಲ್ಲ. ಉಳಿದ ನಾಳ ನಾರಿನಂಥ ಬಿಳಿ ಪಟ್ಟಿಯಾಗಿ ಮಸೂರದ ಹಿಂಬದಿಯನ್ನು ಎಳೆದು ಹಿಡಿಯುತ್ತದೆ. ಇದು ಹೆಚ್ಚಾಗಿ ಒಂದೇ ಕಣ್ಣಿಗೆ ಬರುತ್ತದೆ, ಆ ಕಣ್ಣು ಇನ್ನೊಂದಕ್ಕಿಂತ ಚಿಕ್ಕದಾಗಿಯೂ ಇರುತ್ತದೆ. ಶಸ್ತ್ರಚಿಕಿತ್ಸೆಯೂ ಇಲ್ಲಿ ಹೆಚ್ಚು ನಾಜೂಕಿನದು.

ಕಾರಣಗಳು: ವಂಶ, ಸೋಂಕು, ಹಾಲಿನ ಸಕ್ಕರೆ, ಔಷಧಿ, ಪೆಟ್ಟು

ಎಷ್ಟೋ ಮಕ್ಕಳಲ್ಲಿ, ಅದರಲ್ಲೂ ಒಂದೇ ಕಣ್ಣಿಗೆ ಪೊರೆ ಬಂದವರಲ್ಲಿ, ಕಾರಣ ಸಿಗುವುದೇ ಇಲ್ಲ. ಗ್ರಹಣ ನೋಡಿದ್ದಕ್ಕೆ ಬಂತು, ಬಸುರಿಯಲ್ಲಿ ಅದು ತಿಂದದ್ದಕ್ಕೆ ಬಂತು ಎಂದು ತಾಯಿಯ ಮೇಲೆ ಹೊರಿಸುವ ಮಾತಿಗೆ ಆಧಾರವಿಲ್ಲ.

ವಂಶದಿಂದ ಬರುವಲ್ಲಿ ಎರಡು ದಾರಿ. ತಂದೆ ಅಥವಾ ತಾಯಿಗೆ ಇದ್ದು, ಪ್ರತಿ ಮಗುವಿಗೂ ಅರ್ಧದಷ್ಟು ಸಂಭವ ಇರುವುದು ಒಂದು. ಇಬ್ಬರಿಗೂ ಪೊರೆ ಇಲ್ಲ, ಆದರೆ ಇಬ್ಬರಲ್ಲೂ ಅದೇ ಕೆಟ್ಟ ಜೀನಿನ ಒಂದೊಂದು ಪ್ರತಿ ಅಡಗಿರುವುದು ಇನ್ನೊಂದು. ಆಗ ಸಂಭವ ಕಾಲು ಭಾಗ. ಅಕ್ಕನ ಮಗಳನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವ ರೂಢಿ ನಮ್ಮ ಕಡೆ ಇರುವುದರಿಂದ, ಒಂದೇ ಮನೆತನದ ಜೀನು ಎರಡೂ ಕಡೆಯಿಂದ ಕೂಡುವ ಅವಕಾಶ ಹೆಚ್ಚು. ಮನೆಯಲ್ಲಿ ಒಂದು ಮಗುವಿಗೆ ಪೊರೆ ಇದ್ದರೆ ಅದರ ಅಣ್ಣ-ತಮ್ಮ, ಅಕ್ಕ-ತಂಗಿಯರ ಕಣ್ಣನ್ನೂ, ತಂದೆ-ತಾಯಿಯ ಕಣ್ಣನ್ನೂ ವೈದ್ಯರು ನೋಡುವುದು ಇದಕ್ಕೇ.

ಸೋಂಕುಗಳಲ್ಲಿ ಮುಖ್ಯವಾದದ್ದು ರುಬೆಲ್ಲಾ. 1941ರಲ್ಲಿ ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್, ಬಸುರಿಯಲ್ಲಿ ರುಬೆಲ್ಲಾ ಬಂದುಹೋದ ತಾಯಂದಿರ ಮಕ್ಕಳಲ್ಲಿ ಪೊರೆ ಹೆಚ್ಚು ಕಾಣುತ್ತಿದೆ ಎಂದು ಮೊದಲ ಸಲ ತೋರಿಸಿದರು. ತಾಯಿಗೆ ಸಣ್ಣ ಜ್ವರ, ಮೈಮೇಲೆ ಗುಳ್ಳೆ. ಮೂರು ದಿನದಲ್ಲಿ ಮರೆತುಹೋಗುವಂಥದ್ದು. ಆದರೆ ಮೊದಲ ಮೂರು ತಿಂಗಳಲ್ಲಿ ಬಂದರೆ ವೈರಸ್ ಮಾಸು ದಾಟಿ ಮಗುವಿನ ಮಸೂರಕ್ಕೆ ನುಗ್ಗಬಲ್ಲದು. ಎಳೆಗಳು ತಮ್ಮ ಕೋಶಕೇಂದ್ರಗಳನ್ನು ಕರಗಿಸಿಕೊಳ್ಳಬೇಕಾದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಸೂಕ್ಷ್ಮದರ್ಶಕದಲ್ಲಿ ತಿರುಳಿನೊಳಗೆ ಆ ಕೇಂದ್ರಗಳು ಉಳಿದಿರುವುದು ಕಾಣುತ್ತದೆ. ಹುಟ್ಟಿದ ಮೇಲೂ ವೈರಸ್ ಮಸೂರದೊಳಗೆ ಬಹುಕಾಲ ಜೀವಂತ ಇರಬಲ್ಲದು. ಹೀಗಾಗಿ ಇಂಥ ಕಣ್ಣಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಉರಿಯೂತ ಜೋರಾಗಿರುತ್ತದೆ. ಪೊರೆಯ ಜೊತೆ ಹೃದಯದ ದೋಷ, ಕಿವುಡು ಸೇರಿ ಬರುವುದೂ ರುಬೆಲ್ಲಾದ ಗುರುತು. ಕರ್ನಾಟಕದಲ್ಲಿ 2017ರ ಫೆಬ್ರುವರಿಯಲ್ಲಿ 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆಯಿತು. ಈಗ 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು ಡೋಸ್ ಉಚಿತ.

ಗ್ಯಾಲಕ್ಟೋಸೀಮಿಯಾ ಎಂಬುದು ಅಪರೂಪ, ಆದರೂ ಹೇಳಲೇಬೇಕಾದದ್ದು. ಹಾಲಿನ ಸಕ್ಕರೆಯ ಒಂದು ಭಾಗವಾದ ಗ್ಯಾಲಕ್ಟೋಸನ್ನು ಅರಗಿಸುವ ಕಿಣ್ವ ಈ ಮಕ್ಕಳಲ್ಲಿ ಇರುವುದಿಲ್ಲ. ಮಸೂರದೊಳಗೆ ಅದು ಗ್ಯಾಲಕ್ಟಿಟಾಲ್ ಆಗಿ ಮಾರ್ಪಟ್ಟು, ಹೊರಬರಲಾರದೆ, ನೀರನ್ನು ಒಳಗೆಳೆಯುತ್ತದೆ. ಎಳೆಗಳು ಊದಿಕೊಳ್ಳುತ್ತವೆ, ಮಸೂರದ ನಡುವೆ ಎಣ್ಣೆಯ ಹನಿ ನಿಂತಂತೆ ಕಾಣುತ್ತದೆ. ಬೇಗ ಪತ್ತೆಯಾಗಿ ಹಾಲು ನಿಲ್ಲಿಸಿದರೆ ಈ ಮಬ್ಬು ತಿಳಿಯಾಗಬಲ್ಲದು. ಔಷಧಿ-ಪಥ್ಯದಿಂದ ಹಿಂದೆ ಸರಿಯುವ ಪೊರೆ ತೀರ ಅಪರೂಪ, ಇದು ಅಂಥದ್ದು. ಆದರೆ ಪರೀಕ್ಷೆಯಾಗದೆ ಯಾರೋ ಹೇಳಿದರೆಂದು ಕೂಸಿಗೆ ಎದೆಹಾಲು ಬಿಡಿಸಬಾರದು. ವಾಂತಿ, ಕಾಮಾಲೆ, ತೂಕ ಏರದಿರುವುದು ಜೊತೆಗಿದ್ದರೆ ವೈದ್ಯರು ತಾವೇ ಆ ಪರೀಕ್ಷೆ ಮಾಡಿಸುತ್ತಾರೆ.

ಮುಂದಿನ ಎರಡು ಕಾರಣಗಳು ಸ್ವಲ್ಪ ದೊಡ್ಡ ಮಕ್ಕಳವು, ನಮ್ಮ ಬಿಸಿಲು ನಾಡಿಗೆ ಹತ್ತಿರದವು. ಬೇಸಿಗೆಯಲ್ಲಿ ಧೂಳು, ಒಣಹವೆಗೆ ಹುಡುಗರ ಕಣ್ಣು ಕೆಂಪಾಗಿ ವಿಪರೀತ ತುರಿಸುವ ಅಲರ್ಜಿ ಇಲ್ಲಿ ಸಾಮಾನ್ಯ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಹನಿ ಹಾಕಿದರೆ ಎರಡೇ ದಿನದಲ್ಲಿ ಆರಾಮ. ಆ ಬಾಟಲಿಯಲ್ಲಿ ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್‌ನಂಥ ಸ್ಟೀರಾಯ್ಡ್ ಇದ್ದು, ವರ್ಷವರ್ಷ ಅದನ್ನೇ ಹಾಕುತ್ತ ಹೋದರೆ ಮಸೂರದ ಹಿಂಬದಿಯ ಪದರ ಮಸುಕಾಗುತ್ತದೆ, ಕಣ್ಣಿನ ಒತ್ತಡವೂ ಏರಬಹುದು. ವೈದ್ಯರು ಅಳೆದು, ದಿನ ಗೊತ್ತುಮಾಡಿ ಕೊಡುವ ಸ್ಟೀರಾಯ್ಡ್ ಬೇರೆ. ಖಾಲಿ ಬಾಟಲಿ ತೋರಿಸಿ ಮತ್ತೆ ಮತ್ತೆ ಕೊಳ್ಳುವುದು ಬೇರೆ.

ಇನ್ನು ಪೆಟ್ಟು. ಚಿಣಿಯ ಏಟು, ಜಾಲಿಮುಳ್ಳು, ಕಬ್ಬಿನ ಒಣ ರವದಿ, ದೀಪಾವಳಿಯ ಪಟಾಕಿ. ಮಸೂರವನ್ನು ಸುತ್ತಿರುವ ತೆಳು ಚೀಲಕ್ಕೆ ತೂತು ಬಿದ್ದರೆ ಕಣ್ಣಿನ ನೀರು ಒಳನುಗ್ಗಿ, ಎಳೆಗಳು ಊದಿ, ಕೆಲವೇ ಗಂಟೆ ಅಥವಾ ದಿನಗಳಲ್ಲಿ ಪಾಪೆ ಬೆಳ್ಳಗಾಗುತ್ತದೆ. ಇಲ್ಲಿ ಮನೆಮದ್ದು ಹಾಕುವುದು, ಕಣ್ಣು ಉಜ್ಜುವುದು ಎರಡೂ ಬೇಡ.

ಬಿಳುಪು ಕಂಡರೆ

ಪಾಪೆಯೊಳಗೆ ಬಿಳಿ ಅಥವಾ ಬೂದು ಹೊಳಪು, ಫೋಟೊದ ಫ್ಲ್ಯಾಶ್ ಬೆಳಕಿಗೆ ಒಂದು ಕಣ್ಣು ಕೆಂಪಗೆ ಇನ್ನೊಂದು ಬೆಳ್ಳಗೆ ಕಾಣುವುದು, ಎರಡು-ಮೂರು ತಿಂಗಳಾದರೂ ತಾಯಿಯ ಮುಖ ನೋಡದಿರುವುದು, ಕಣ್ಣುಗುಡ್ಡೆ ನಿಲ್ಲದೆ ಅಲುಗಾಡುವುದು, ಮೆಳ್ಳೆಗಣ್ಣು: ಇವು ಮನೆಯಲ್ಲೇ ಗುರುತಿಸಬಹುದಾದವು. ಕಪ್ಪು ಭಾಗದ ಮೇಲ್ಮೈಯಲ್ಲಿ ಬಿಳಿ ಕಲೆ ಇದ್ದರೆ ಅದು ಪೊರೆಯಲ್ಲ, ಕಣ್ಣಿನ ಮುಂದಿನ ಪಾರದರ್ಶಕ ಹೊದಿಕೆಯಾದ ಕಾರ್ನಿಯಾದ ಗಾಯದ ಗುರುತು. ಅದಕ್ಕೆ ಚಿಕಿತ್ಸೆ ಬೇರೆ. ಬಿಳಿ ಪಾಪೆಗೆ ಇನ್ನೊಂದು ಕಾರಣ ರೆಟಿನೊಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್. ಅಲ್ಲಿ ತಡವಾದರೆ ಜೀವಕ್ಕೇ ಅಪಾಯ. ಆದ್ದರಿಂದ ಬಿಳಿ ಪಾಪೆ ಕಂಡ ಕೂಸನ್ನು ಅದೇ ವಾರ ನೇತ್ರತಜ್ಞರಿಗೆ ತೋರಿಸಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ, ಅಲ್ಲಿ ಕಣ್ಣಿನ ವಿಭಾಗಗಳಿವೆ. ಅಗತ್ಯ ಬಿದ್ದರೆ ಅವರೇ ಮುಂದೆ ಬರೆದುಕೊಡುತ್ತಾರೆ.

‘ಬಲಿಯಲಿ’ ಎಂದು ಕಾದರೆ ಮಿದುಳು ಕಾಯುವುದಿಲ್ಲ

ದೊಡ್ಡವರ ಪೊರೆಗೆ ಸುಗ್ಗಿ ಮುಗಿಯಲಿ, ಮದುವೆ ಮುಗಿಯಲಿ ಎಂದು ನಾಲ್ಕು ತಿಂಗಳು ದೂಡಿದರೂ ಸಾಮಾನ್ಯವಾಗಿ ನಡೆದೀತು. ಮಗುವಿನಲ್ಲಿ ನಡೆಯುವುದಿಲ್ಲ. ನೋಡುವುದು ಕಣ್ಣಷ್ಟೇ ಅಲ್ಲ, ಮಿದುಳು ಕೂಡ, ಮತ್ತು ಮಿದುಳಿನ ಆ ಭಾಗ ತಯಾರಾಗುವುದು ಹುಟ್ಟಿದ ಮೊದಲ ತಿಂಗಳುಗಳಲ್ಲಿ, ಕಣ್ಣು ಕಳಿಸುವ ಸ್ಪಷ್ಟ ಚಿತ್ರಗಳನ್ನು ನೆಚ್ಚಿಕೊಂಡು.

ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣು ಮುಚ್ಚಿಟ್ಟು ನೋಡಿದರು. ಕೆಲವು ತಿಂಗಳ ನಂತರ ತೆರೆದಾಗ ಕಣ್ಣು ಸರಿಯಾಗಿಯೇ ಇತ್ತು, ಆದರೆ ಮಿದುಳಿನ ದೃಷ್ಟಿಭಾಗದ ಕೋಶಗಳು ಅದರ ಸಂದೇಶಕ್ಕೆ ಓಗೊಡುವುದನ್ನೇ ಬಿಟ್ಟಿದ್ದವು. ಅದರ ಜಾಗವನ್ನು ತೆರೆದ ಕಣ್ಣು ಆಕ್ರಮಿಸಿತ್ತು. ದೊಡ್ಡ ಬೆಕ್ಕಿಗೆ ಹೀಗೆ ಮಾಡಿದರೆ ಏನೂ ಆಗುತ್ತಿರಲಿಲ್ಲ. 1981ರಲ್ಲಿ ಇಬ್ಬರಿಗೂ ನೊಬೆಲ್ ಸಂದಿತು.

ಪೊರೆ ತುಂಬಿದ ಮಗುವಿನ ಕಣ್ಣೂ ಮುಚ್ಚಿದ ಕಣ್ಣೇ. ಆ ಕಣ್ಣಿನ ದೃಷ್ಟಿ ಮಿದುಳಿನಲ್ಲಿ ಬೆಳೆಯದೆ ಮಂದವಾಗಿ ಉಳಿಯುವುದನ್ನು ಸೋಮಾರಿ ಕಣ್ಣು ಎನ್ನುತ್ತಾರೆ. ಎರಡೂ ಕಣ್ಣಿಗೆ ದಟ್ಟ ಪೊರೆ ಇದ್ದರೆ ಸುಮಾರು ಮೂರನೇ ತಿಂಗಳಿಗೆ ಕಣ್ಣುಗುಡ್ಡೆ ಅಲುಗಾಡತೊಡಗುತ್ತದೆ, ಸ್ಪಷ್ಟ ಚಿತ್ರ ಸಿಗದ ಮಿದುಳಿಗೆ ಕಣ್ಣನ್ನು ಒಂದೆಡೆ ನಿಲ್ಲಿಸಲು ಬರದೆ ಹೋಗುತ್ತದೆ. ಈ ಕಾರಣಕ್ಕೆ ಹುಟ್ಟಿನಿಂದಲೇ ದಟ್ಟ ಪೊರೆ ಇದ್ದಾಗ, ಒಂದೇ ಕಣ್ಣಾದರೆ 4ರಿಂದ 6 ವಾರದೊಳಗೆ, ಎರಡೂ ಆದರೆ 6ರಿಂದ 10 ವಾರದೊಳಗೆ ಶಸ್ತ್ರಚಿಕಿತ್ಸೆ ಆಗಬೇಕೆನ್ನುತ್ತಾರೆ. ನಾಲ್ಕು ವಾರಕ್ಕೂ ಮೊದಲು ಮಾಡಿದರೆ ಮುಂದೆ ಗ್ಲಾಕೋಮಾ, ಅಂದರೆ ಕಣ್ಣಿನ ಒತ್ತಡ ಏರಿ ನರ ಸವೆಯುವ ರೋಗ, ಬರುವ ಭಯ ಹೆಚ್ಚು. ಕಿಟಕಿ ಅಷ್ಟು ಕಿರಿದು. ಚುಕ್ಕೆಯಷ್ಟೇ ಇರುವ ಅಥವಾ ಪಾಪೆಯ ನಡುವಿನಿಂದ ದೂರವಿರುವ ಮಬ್ಬಿಗೆ ಮಾತ್ರ ಕನ್ನಡಕ, ಹನಿ, ತಪಾಸಣೆಯಲ್ಲೇ ನಿಭಾಯಿಸುವುದುಂಟು.

ಹಾಗಾದರೆ ತಡವಾದ ಮಕ್ಕಳನ್ನು ಕೈಬಿಡುವುದೇ? ಇಲ್ಲ. ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪವನ್ ಸಿನ್ಹಾ ಅವರ ‘ಪ್ರಾಜೆಕ್ಟ್ ಪ್ರಕಾಶ್’ ಉತ್ತರ ಭಾರತದಲ್ಲಿ ಎಂಟು-ಹತ್ತು ವರ್ಷ ದಾಟಿದ ಮಕ್ಕಳಿಗೂ ಚಿಕಿತ್ಸೆ ಕೊಡಿಸಿ ಅಧ್ಯಯನ ಮಾಡಿದೆ. ಅವರ ದೃಷ್ಟಿ ಪೂರ್ತಿ ಸರಿಹೋಗದಿದ್ದರೂ, ಮುಖ, ವಸ್ತು ಗುರುತಿಸುವಷ್ಟು ಸುಧಾರಿಸಿದ್ದು ಕಂಡಿದೆ.

ತೆಗೆದ ಮೇಲೆ ಮತ್ತೆ ಮಬ್ಬಾಗುವುದು ಏಕೆ?

“ಆಪರೇಷನ್ ಆಗಿ ವರ್ಷ ಆಗಿಲ್ಲ, ಮತ್ತ ಪರದಿ ಬಂತ್ರಿ” ಎನ್ನುವ ತಂದೆಗೆ ವೈದ್ಯರು ಏನೋ ತಪ್ಪು ಮಾಡಿದರೆಂಬ ಗುಮಾನಿ. ನಡೆದಿರುವುದು ಬೇರೆ.

ಶಸ್ತ್ರಚಿಕಿತ್ಸೆಯಲ್ಲಿ ಮಸೂರದ ಚೀಲದ ಮುಂಭಾಗದಲ್ಲಿ ದುಂಡಗೆ ತೂತು ಮಾಡಿ ಒಳಗಿನದನ್ನು ಹೀರಿ ತೆಗೆಯುತ್ತಾರೆ. ಮಕ್ಕಳ ಮಸೂರ ಮೆತ್ತಗಿರುವುದರಿಂದ ಹೀರುವುದು ಸುಲಭ. ಚೀಲ ಬಹಳ ಹಿಗ್ಗುವಂಥದ್ದಾದ್ದರಿಂದ ತೂತನ್ನು ದುಂಡಗೆ ಹಿಡಿತದಲ್ಲಿಡುವುದು ಕಷ್ಟ. ಎಷ್ಟೇ ತೊಳೆದರೂ ಅಂಚಿನಲ್ಲಿ ಕೆಲವು ಜೀವಕೋಶಗಳು ಉಳಿಯುತ್ತವೆ, ಎಳೆ ಹೊಸೆಯುತ್ತಿದ್ದ ಅದೇ ಕೋಶಗಳು. ಮಗುವಿನಲ್ಲಿ ಅವು ಬಹಳ ಚುರುಕು. ಚೀಲದ ಹಿಂಗೋಡೆಯ ಮೇಲೆ ಹರಿದುಹೋಗಿ, ಅಲ್ಲಿ ಮತ್ತೆ ಮಸೂರ ಕಟ್ಟಲು ನೋಡುತ್ತವೆ. ಸರಿಯಾದ ಎಳೆಯಾಗಲು ಬಾರದೆ ಊದಿದ ಮುತ್ತಿನ ಗೊಂಚಲಾಗುತ್ತವೆ. ಇನ್ನು ಕೆಲವು ತಮ್ಮ ಸ್ವಭಾವವನ್ನೇ ಬದಲಿಸಿ, ಗಾಯ ಮಾಯಿಸುವ ನಾರುಕೋಶಗಳಂತಾಗಿ ಚೀಲವನ್ನು ಸುಕ್ಕುಗಟ್ಟಿಸುತ್ತವೆ. ಅಂಚಿನಲ್ಲೇ ಉಳಿದವು ಚೀಲದ ಸುತ್ತ ಉಂಗುರ ಕಟ್ಟುತ್ತವೆ.

ಎಳೆ ಮಕ್ಕಳಲ್ಲಿ ಹಿಂಗೋಡೆಯನ್ನು ಹಾಗೇ ಬಿಟ್ಟರೆ ಮಬ್ಬಾಗುವುದು ಬಹುತೇಕ ಖಚಿತ. ಹಾಗಾಗಿ ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಆ ಗೋಡೆಗೂ ತೂತು ಮಾಡಿ, ಅದರ ಹಿಂದಿನ ಲೋಳೆಯ ಮುಂಭಾಗವನ್ನು ಸ್ವಲ್ಪ ತೆಗೆಯುತ್ತಾರೆ, ಕೋಶಗಳಿಗೆ ಹರಿದಾಡಲು ನೆಲವೇ ಇರಬಾರದೆಂದು. ದೊಡ್ಡವರಿಗೆ ಇದೇ ತೂತನ್ನು ಆಮೇಲೆ ಲೇಸರ್ ಯಂತ್ರದ ಮುಂದೆ ಕೂರಿಸಿ ಮಾಡಬಹುದು. ಎರಡು ವರ್ಷದ ಮಗು ಅಲುಗದೆ ಕೂರುವುದುಂಟೇ? ಮತ್ತೆ ಅರಿವಳಿಕೆ, ಮತ್ತೆ ಥಿಯೇಟರ್.

ಉದ್ದವಾಗುವ ಕಣ್ಣು, ಇಳಿಯುವ ನಂಬರು

ಹುಟ್ಟಿದಾಗ ಕಣ್ಣಿನ ಉದ್ದ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್. ದೊಡ್ಡವರಲ್ಲಿ 23ರಿಂದ 24. ಈ ಬೆಳವಣಿಗೆಯ ದೊಡ್ಡ ಪಾಲು ಮೊದಲ ಎರಡು ವರ್ಷಗಳಲ್ಲೇ ಮುಗಿಯುತ್ತದೆ. ಸ್ಪಷ್ಟ ಚಿತ್ರ ಬೀಳದ ಕಣ್ಣು ಅಳತೆ ತಪ್ಪಿ ಬೆಳೆಯಬಹುದು. ಎಷ್ಟು ಉದ್ದವಾಗಬೇಕೆಂಬ ಸೂಚನೆ ಕಣ್ಣಿಗೆ ಸಿಗುವುದು ಅದರೊಳಗೆ ಬೀಳುವ ಚಿತ್ರದಿಂದಲೇ.

ಆರು ತಿಂಗಳ ಕೂಸಿಗೆ ಇಂದು ಸರಿಯಾಗಿ ಹೊಂದುವ ಕೃತಕ ಮಸೂರ ಕೂರಿಸಿದರೆ, ಕಣ್ಣು ಉದ್ದವಾದಂತೆ ಅದು ಹೊಂದದೆ ಹೋಗುತ್ತದೆ. ಆದ್ದರಿಂದ ಕೂರಿಸುವುದಿದ್ದರೆ ಬೇಕೆಂದೇ ಪವರ್ ಕಡಿಮೆ ಇಟ್ಟು, ಉಳಿದದ್ದನ್ನು ಕನ್ನಡಕದಲ್ಲಿ ತುಂಬುತ್ತಾರೆ. ತೀರ ಎಳೆಯರಲ್ಲಿ ಎಷ್ಟೋ ಸಲ ಮಸೂರ ಕೂರಿಸದೆ, ಕಾಂಟ್ಯಾಕ್ಟ್ ಲೆನ್ಸ್ ಅಥವಾ 20 ದಾಟಿದ ಪ್ಲಸ್ ನಂಬರಿನ ದಪ್ಪ ಕನ್ನಡಕ ಕೊಡುತ್ತಾರೆ. ಅಮೆರಿಕದಲ್ಲಿ ಒಂದೇ ಕಣ್ಣಿಗೆ ಪೊರೆ ಇದ್ದ 114 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೃತಕ ಮಸೂರ, ಇನ್ನೊಂದಕ್ಕೆ ಕಾಂಟ್ಯಾಕ್ಟ್ ಲೆನ್ಸ್ ಕೊಟ್ಟು ನಡೆಸಿದ ಅಧ್ಯಯನದಲ್ಲಿ, ನಾಲ್ಕೂವರೆ ವರ್ಷ ತುಂಬಿದಾಗ ಎರಡೂ ಗುಂಪಿನ ದೃಷ್ಟಿಯಲ್ಲಿ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಮಸೂರ ಕೂರಿಸಿದವರಿಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದದ್ದು ಹೆಚ್ಚು. “ಲೆನ್ಸ್ ಹಾಕಲಿಲ್ಲ, ಬರೇ ಚಸ್ಮಾ ಕೊಟ್ಟ ಕಳಿಸ್ಯಾರ” ಎಂದು ಕೊರಗುವ ಮನೆಯವರು ಇದನ್ನು ತಿಳಿದಿರಬೇಕು. ಒಂದೇ ಕಣ್ಣಿನ ಪೊರೆಯಾದರೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿ, ಸೋಮಾರಿ ಕಣ್ಣನ್ನು ದುಡಿಸುವುದೂ ವರ್ಷಗಟ್ಟಲೆ ನಡೆಯುತ್ತದೆ. ಕೂಸು ಅತ್ತು ಕಿತ್ತೆಸೆಯುತ್ತದೆ. ಶಸ್ತ್ರಚಿಕಿತ್ಸೆಗಿಂತ ಕಷ್ಟದ ಭಾಗ ಇದು, ಪೂರ್ತಿ ತಾಯಿಯ ಹೆಗಲ ಮೇಲೆ.

ವರ್ಷಗಳ ನಂತರ ಏರುವ ಒತ್ತಡ

ಕಣ್ಣಿನ ಮುಂಭಾಗದಲ್ಲಿ ನೀರು ಸದಾ ಹುಟ್ಟಿ, ಅಂಚಿನ ಜಾಲರಿಯ ಮೂಲಕ ಹೊರಹರಿಯುತ್ತದೆ. ಎಳೆಯ ವಯಸ್ಸಿನಲ್ಲಿ ಮಸೂರ ತೆಗೆದ ಕೆಲವರಲ್ಲಿ ಈ ಜಾಲರಿ ಕ್ರಮೇಣ ಕಟ್ಟಿಕೊಳ್ಳುತ್ತದೆ. ಮಸೂರದ ಕೋಶಗಳು ಬಿಡುವ ವಸ್ತುಗಳು ಅದನ್ನು ಕೆಡಿಸುತ್ತವೆ ಎಂಬುದು ಒಂದು ವಿವರಣೆ, ಮಸೂರ ಕೊಡುತ್ತಿದ್ದ ಆಸರೆ ತಪ್ಪಿದ್ದರಿಂದ ಎಂಬುದು ಇನ್ನೊಂದು. ಒತ್ತಡ ಏರಿ ಕಣ್ಣಿನ ನರ ಸವೆಯುವುದೇ ಗ್ಲಾಕೋಮಾ. ಮೇಲೆ ಹೇಳಿದ ಅಧ್ಯಯನದಲ್ಲೇ ಐದನೇ ವರ್ಷಕ್ಕೆ ಶೇಕಡಾ 17ರಷ್ಟು ಮಕ್ಕಳಲ್ಲಿ ಅದು ಕಂಡಿತ್ತು, ಹತ್ತನೇ ವರ್ಷಕ್ಕೆ ಶೇಕಡಾ 22ರಲ್ಲಿ. ನೋವಿಲ್ಲದೆ ಬರುವುದರಿಂದ ಮಗು ದೂರು ಹೇಳುವುದಿಲ್ಲ.

ಇನ್ನೊಂದು ತೊಡಕೂ ಇದೆ. ಮಸೂರ ತೆಗೆದ ಮಕ್ಕಳ ಕಾರ್ನಿಯಾ ಉಳಿದವರದ್ದಕ್ಕಿಂತ ದಪ್ಪವಾಗಿರುವುದು ಕಂಡುಬಂದಿದೆ. ದಪ್ಪ ಕಾರ್ನಿಯಾದ ಮೇಲೆ ಅಳೆದಾಗ ಒತ್ತಡ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ಹಾಗಾಗಿ ವೈದ್ಯರು ಒಂದು ಅಂಕಿಯನ್ನೇ ನಂಬದೆ ಕಾರ್ನಿಯಾದ ದಪ್ಪ, ಕಣ್ಣಿನ ಉದ್ದ, ನರದ ಸ್ಥಿತಿ ಎಲ್ಲವನ್ನೂ ಹಿಂದಿನ ಸಲದ ಜೊತೆ ಹೋಲಿಸುತ್ತಾರೆ. ಹಿಂದಿನ ಕಾಗದ ಇಲ್ಲದಿದ್ದರೆ ಹೋಲಿಕೆಯೇ ಇಲ್ಲ. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಮಹಾರಾಷ್ಟ್ರ, ಗೋವಾ ಕಡೆ ಗುಳೆ ಹೋಗುವವರು ಶಸ್ತ್ರಚಿಕಿತ್ಸೆಯ ದಿನಾಂಕ, ಕೃತಕ ಮಸೂರದ ಪವರ್ ಬರೆದ ಚೀಟಿ, ಪ್ರತಿ ತಪಾಸಣೆಯ ಒತ್ತಡದ ಅಂಕಿ ಇವಿಷ್ಟನ್ನು ಲಸಿಕೆ ಕಾರ್ಡಿನ ಜೊತೆಗೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡು ಹೋದರೆ, ಅಲ್ಲಿನ ಯಾವ ಕಣ್ಣಿನ ಆಸ್ಪತ್ರೆಯಲ್ಲಾದರೂ ತಪಾಸಣೆ ಮುಂದುವರಿಸಬಹುದು.